ಗೋಷ್ಠಿಯ ಹೊರಗಿನ ಹೊತ್ತು

ಯಾವ ಸಾಹಿತ್ಯ ಸಮ್ಮೇಳನದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿದರೂ ಧ್ವಜಾರೋಹಣದಿಂದ ಸಮಾರೋಪದವರೆಗೆ ಪ್ರತಿಯೊಂದು ಗಳಿಗೆಗೂ ಒಂದು ಹೆಸರು, ಒಬ್ಬ ಅಧ್ಯಕ್ಷರು, ಒಬ್ಬ ವಂದನಾರ್ಪಣೆಯವರು ಇದ್ದೇ ಇರುತ್ತಾರೆ. ಆದರೆ ಸಮ್ಮೇಳನ ಮುಗಿಸಿ ಊರಿಗೆ ಮರಳಿದವರು ಕಟ್ಟೆಯ ಮೇಲೆ ಕುಳಿತು ಹೇಳುವ ಮಾತುಗಳಲ್ಲಿ ಹೆಚ್ಚಿನವು ಆ ಪತ್ರಿಕೆಯಲ್ಲಿ ಅಚ್ಚಾಗದ ಗಳಿಗೆಗಳಿಗೆ ಸೇರಿದವು. ಎಲ್ಲಿ ದೋಸೆ ತಿಂದೆವು, ಯಾವ ಬೀದಿಯಲ್ಲಿ ಹಳೆಯ ಪುಸ್ತಕ ಸಿಕ್ಕಿತು, ಯಾವ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಇಳಿದೆವು ಎಂಬ ವಿವರಗಳು ಇಪ್ಪತ್ತು ವರ್ಷವಾದರೂ ಅಳಿಯುವುದಿಲ್ಲ; ಮೂರನೆಯ ಗೋಷ್ಠಿಯ ಆಶಯ ಭಾಷಣವನ್ನು ಯಾರು ಮಾಡಿದರೆಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇದನ್ನು ನಾವು ಬಹಳ ಕಾಲ ತಮಾಷೆಯ ಮಾತೆಂದೇ ತಿಳಿದಿದ್ದೆವು. ಆದರೆ ಮೂರು ದಶಕಗಳಿಗೂ ಮೀರಿ ಮಕ್ಕಳ ಎದುರು ನಿಂತ ಮೇಲೆ, ಈ ತಮಾಷೆಯೊಳಗೆ ಒಂದು ಗಂಭೀರವಾದ ಧರ್ಮಜಿಜ್ಞಾಸೆ ಅಡಗಿದೆಯೆಂದು ತೋರುತ್ತಿದೆ. ಒಂದು ಕಾರ್ಯಕ್ಕಾಗಿ ಮಹಾನಗರಕ್ಕೆ ಹೋದವನು ಅಲ್ಲಿ ದೊರೆಯುವ ಬಿಡುವನ್ನು ಸಂತೋಷದಿಂದ ಅನುಭವಿಸುವುದು ಸರಿಯೇ? ಆ ಬಿಡುವು ಯಾರದು? ಕಳುಹಿಸಿದವರದೋ, ಕರೆದವರದೋ, ಹೋದವನದೋ?

ನಮ್ಮ ಕಡೆಯವರಿಗೆ ಸಮ್ಮೇಳನಯಾತ್ರೆ ಹೊಸತಲ್ಲ. 1871ರಲ್ಲಿ ಮದರಾಸಿನ ಕಡೆಯ ಹಳಿಯೂ ಮುಂಬಯಿಯ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದಂದಿನಿಂದ ಆದವಾನಿ ಎರಡು ಮಹಾನಗರಗಳ ನಡುವಿನ ಹೆದ್ದಾರಿಯ ಮೇಲಿದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ, 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಹೈದರಾಬಾದಿನಲ್ಲಿ, 1945ರಲ್ಲಿ ಕೈಲಾಸಂ ಅವರ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಸಮ್ಮೇಳನಗಳು ನಡೆದಾಗ ಇಲ್ಲಿಂದ ರೈಲು ಹತ್ತುವುದು ಕಷ್ಟವೇನೂ ಆಗಿರಲಿಲ್ಲ. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟವು. ಮೊದಲೆರಡು ಕರ್ನೂಲು ಜಿಲ್ಲೆಗೆ, ಮೂರನೆಯದು ಅನಂತಪುರ ಜಿಲ್ಲೆಗೆ ಸೇರಿದವು. ಅಲ್ಲಿಂದೀಚೆಗೆ ಕನ್ನಡದ ಸಭೆಗೆ ಹೋಗುವುದೆಂದರೆ ನಮಗೆ ರಾಜ್ಯದ ಗಡಿ ದಾಟುವುದು ಎಂದೇ ಅರ್ಥ.

ಉಪಾಧ್ಯಾಯರ ಕೊಠಡಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಎರಡು ಪಕ್ಷಗಳಾಗುತ್ತಿದ್ದವು. ಒಂದು ಪಕ್ಷದವರು ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ಮುಂದಿಡುವರು. ಪೆಂಡಾಲಿನೊಳಗೆ ಕೋಶವಿದೆ, ಹೊರಗೆ ದೇಶವಿದೆ, ಎರಡನ್ನೂ ನೋಡದೆ ಬಂದವನು ಅರ್ಧ ಮಾತ್ರ ಹೋಗಿ ಬಂದಂತೆ ಎಂಬುದು ಅವರ ವಾದ. ಇನ್ನೊಂದು ಪಕ್ಷದವರು ಹುಬ್ಬು ಗಂಟಿಕ್ಕುವರು. ಅನ್ಯಕಾರ್ಯ ನಿಮಿತ್ತವೆಂದು ಬರೆದುಕೊಟ್ಟು, ಹಾಜರಾತಿಯ ಪ್ರಮಾಣಪತ್ರಕ್ಕೆ ಮಾತ್ರ ಸರತಿಯಲ್ಲಿ ನಿಂತು, ಅದು ಕೈಗೆ ಬಂದ ಕೂಡಲೇ ಮೃಗಾಲಯದ ದಾರಿ ಹಿಡಿಯುವವರನ್ನು ಅವರು ಕಂಡಿದ್ದರು, ನಾವೂ ಕಂಡಿದ್ದೇವೆ. ಪ್ರಮಾಣಪತ್ರದ ಮೇಜಿನ ಮುಂದಿನ ಸರತಿ ಪುಸ್ತಕ ಮಳಿಗೆಯ ಮುಂದಿನ ಸರತಿಗಿಂತ ಉದ್ದವಾಗಿರುವುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ದಾಖಲಾಗದ ಒಂದು ಅಧ್ಯಾಯ.

ಗಾದೆಯವರಲ್ಲಿ ಸತ್ಯವಿದೆ, ಹುಬ್ಬು ಗಂಟಿಕ್ಕಿದವರಲ್ಲಿಯೂ ಇದೆ. ಆದರೆ ಎರಡೂ ಪಕ್ಷದವರು ಬಿಡುವು ಎಂದರೇನೆಂದು ವಿಚಾರಿಸದೆಯೇ ಜಗಳಕ್ಕೆ ಇಳಿದಿದ್ದಾರೆಂದು ನಮ್ಮ ಭಾವನೆ. ನಮ್ಮ ಭಾಷೆಯಲ್ಲಿ ಇದಕ್ಕೆ ಮೂರು ಮಾತುಗಳು ದಿನಬಳಕೆಯಲ್ಲಿವೆ. ‘ರಜೆ’ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ಅದರ ಮೂಲಾರ್ಥ ಒಪ್ಪಿಗೆ. ಅಂದರೆ ರಜೆಯನ್ನು ಮತ್ತೊಬ್ಬರು ಕೊಡಬೇಕು. ‘ಪುರುಸೊತ್ತು’ ಕೂಡ ಅದೇ ದಾರಿಯಲ್ಲಿ ಬಂದ ಅತಿಥಿ. ಅದರ ಅರ್ಥ ಅವಕಾಶ, ಸಂದರ್ಭ. ಪುರುಸೊತ್ತು ಯಾರೂ ಕೊಡುವಂಥದ್ದಲ್ಲ, ಒದಗಿ ಬರುವಂಥದ್ದು. ‘ಬಿಡುವು’ ಮಾತ್ರ ಅಚ್ಚಗನ್ನಡ. ಬಿಡು ಎಂಬ ಧಾತುವಿನಿಂದಲೇ ಬೀಡು ಎಂಬ ಪದವೂ ಹುಟ್ಟಿದೆ. ದಂಡು ನಡೆದು ನಡೆದು ಹೊರೆ ಇಳಿಸಿದ ಸ್ಥಳವೇ ಬೀಡು. ಆದ್ದರಿಂದ ಬಿಡುವು ಎಂದರೆ ಹಿಡಿದದ್ದನ್ನು ಇಳಿಸುವುದು. ಏನನ್ನೂ ಹಿಡಿಯದೆ ಇದ್ದವನಿಗೆ ಬಿಡಲು ಏನಿದೆ? ಮೂರು ದಿನವೂ ಒಂದು ಗೋಷ್ಠಿಯಲ್ಲಿಯೂ ಕುಳಿತುಕೊಳ್ಳದವನಿಗೆ ರಜೆ ಸಿಕ್ಕಿತು, ಪುರುಸೊತ್ತೂ ಸಿಕ್ಕಿತು. ಬಿಡುವು ಮಾತ್ರ ಸಿಗಲಿಲ್ಲ ಎಂದು ನಾವು ಹೇಳುವುದುಂಟು. ಇದನ್ನು ಪದಚಮತ್ಕಾರವೆಂದು ಮಿತ್ರರು ನಕ್ಕಿದ್ದಾರೆ. ನಗಲಿ.

ಕಾರ್ಯಕ್ಕೆ ಕಳುಹಿಸಲ್ಪಟ್ಟವನ ಧರ್ಮವನ್ನು ಕುರಿತು ನಮ್ಮ ಪರಂಪರೆಯಲ್ಲಿ ವಿಚಾರ ನಡೆಯದೆ ಇಲ್ಲ. ಸುಂದರಕಾಂಡವನ್ನು ಈ ದೃಷ್ಟಿಯಿಂದ ಓದಿದರೆ ಅದು ಒಬ್ಬ ನಿಯುಕ್ತನು ದೂರದ ಮಹಾನಗರಕ್ಕೆ ಹೋಗಿ ಬಂದ ಕಥೆಯೇ. ಸಮುದ್ರದ ನಡುವೆ ಮೈನಾಕ ಪರ್ವತವು ಮೇಲೆದ್ದು, ದಣಿವಾರಿಸಿಕೊಂಡು ಹೋಗೆಂದು ಉಪಚರಿಸಿದಾಗ ಹನುಮಂತನು ಅದನ್ನು ತಿರಸ್ಕರಿಸಲೂ ಇಲ್ಲ, ಅಲ್ಲಿ ಕುಳಿತುಕೊಳ್ಳಲೂ ಇಲ್ಲ. ಕೈಯಿಂದ ಮುಟ್ಟಿ ಮನ್ನಿಸಿ ಮುಂದೆ ಹೋದನು. ಲಂಕೆಯನ್ನು ಸೇರಿದ ಮೇಲೆ ಇರುಳೆಲ್ಲ ಊರು ಸುತ್ತಿದನು. ಬೆಳುದಿಂಗಳು, ಮಹಡಿಗಳು, ವಾದ್ಯಗಳ ಧ್ವನಿ, ಇವೆಲ್ಲವೂ ಅವನ ಕಣ್ಣಿಗೆ, ಕಿವಿಗೆ ಬಿದ್ದವು. ಇದು ಅನ್ವೇಷಣೆಯೂ ಹೌದು, ನಗರದರ್ಶನವೂ ಹೌದು. ಗೆರೆ ಎಳೆದು ಬೇರ್ಪಡಿಸಲಾಗದು. ಸೀತೆಯನ್ನು ಕಂಡು ಉಂಗುರವನ್ನೊಪ್ಪಿಸಿ, ಒಪ್ಪಿಕೊಂಡ ಕಾರ್ಯ ಮುಗಿದ ಮೇಲೆ ಅವನು ಒಂದು ವಿಚಾರ ಮಾಡುತ್ತಾನೆ: ವಹಿಸಿದ ಕೆಲಸಕ್ಕೆ ವಿರೋಧ ಬಾರದಂತೆ ಬೇರೆ ಕೆಲಸಗಳನ್ನೂ ಮಾಡಿ ಮುಗಿಸುವವನೇ ಸಮರ್ಥನೆಂದು. ಅದರ ಮೇಲೆಯೇ ಅಶೋಕವನವನ್ನು ಮುರಿಯುತ್ತಾನೆ. ‘ಸ್ವಾಮಿಕಾರ್ಯ ಸ್ವಕಾರ್ಯ’ ಎಂದು ನಾವು ಎಷ್ಟೋ ಸಲ ಹಗುರವಾಗಿ ಆಡುವ ಮಾತಿಗೆ ಇಲ್ಲಿ ಒಂದು ಕಟ್ಟಳೆ ಇದೆ. ಮೊದಲನೆಯ ಕೆಲಸ ಮೊದಲು. ಎರಡನೆಯದು ಅದಕ್ಕೆ ಅಡ್ಡಿಯಾಗಬಾರದು.

ಕಟ್ಟಳೆ ಚೆನ್ನಾಗಿದೆ. ಆದರೂ ಇದು ನಮ್ಮ ಪ್ರಶ್ನೆಯನ್ನು ಪೂರ್ತಿ ಬಿಡಿಸುವುದಿಲ್ಲ, ಏಕೆಂದರೆ ಹನುಮಂತನು ಯೋಚಿಸಿದ್ದು ಹೆಚ್ಚಿನ ಕೆಲಸವನ್ನು ಕುರಿತು. ನಾವು ಕೇಳುತ್ತಿರುವುದು ಕೆಲಸವೇ ಅಲ್ಲದ ಸಂತೋಷವನ್ನು ಕುರಿತು. ಉಪಾಧ್ಯಾಯರಾದವರಿಗೆ ಇಲ್ಲೊಂದು ಹಳೆಯ ಚಾಳಿ ಇದೆ. ನೋಡಿದ್ದನ್ನೆಲ್ಲ ಪಾಠೋಪಕರಣವಾಗಿ ಮಾಡಿ ನೆಮ್ಮದಿ ಪಡೆಯುವುದು. ಲಾಲ್‌ಬಾಗಿಗೆ ಹೋದರೆ ಸಸ್ಯಶಾಸ್ತ್ರ, ವಸ್ತುಸಂಗ್ರಹಾಲಯಕ್ಕೆ ಹೋದರೆ ಚರಿತ್ರೆ, ಹೋಟೆಲಿಗೆ ಹೋದರೆ ಆಹಾರ ಮತ್ತು ಪೌಷ್ಟಿಕತೆ. ಮಕ್ಕಳಿಗೆ ಹೇಳಲು ಏನಾದರೂ ಬೇಕಲ್ಲ ಎಂದು ಸಮಜಾಯಿಷಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರು ಬಲ್ಲರು: ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಹುಡುಕಿಕೊಂಡು ಹೊರಟ ಅಧ್ಯಯನ ಪ್ರವಾಸದಲ್ಲಿ ಹಾಸ್ಯವೂ ಅಲೆದಾಟವೂ ಪಾಠದೊಳಗೇ ಬೆರೆತುಹೋಗಿವೆ. ಅಲ್ಲಿ ಯಾರೂ ತಮ್ಮ ನಗುವಿಗೆ ಸಮಜಾಯಿಷಿ ಕೊಡುವುದಿಲ್ಲ. ಗ್ರೀಕಿನ ಅರಿಸ್ಟಾಟಲನು ನಾವು ದುಡಿಯುವುದೇ ಬಿಡುವಿಗಾಗಿ ಎಂದು ವಾದಿಸಿದವನು. ಸ್ಕೂಲ್ ಎಂಬ ಮಾತಿನ ಮೂಲವಾದ ಗ್ರೀಕ್ ಪದಕ್ಕೆ ಬಿಡುವು ಎಂದೇ ಅರ್ಥವೆಂದು ನಿಘಂಟುಗಳು ಹೇಳುತ್ತವೆ. ಗಂಟೆ ಬಾರಿಸಿ ಬಾರಿಸಿ ಆ ಅರ್ಥವನ್ನು ಓಡಿಸಿದವರು ನಾವು, ಉಪಾಧ್ಯಾಯರು.

ನಮ್ಮ ತಾಲ್ಲೂಕಿನ ಒಬ್ಬ ಉಪಾಧ್ಯಾಯಿನಿಯವರು ಒಮ್ಮೆ ನಮ್ಮೊಡನೆ ಬೆಂಗಳೂರಿಗೆ ಬಂದಿದ್ದರು. ಎರಡು ದಿನ ಗೋಷ್ಠಿಗಳಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡರು. ಎರಡನೆಯ ದಿನದ ಸಂಜೆ ನಾವೆಲ್ಲ ಪುಸ್ತಕ, ಸೀರೆ, ಬುಗುರಿ ಎಂದು ಚದರಿದೆವು. ರಾತ್ರಿ ವಸತಿಗೆ ಮರಳಿದಾಗ, ತಾವೇನು ನೋಡಿದಿರೆಂದು ಕೇಳಿದೆವು. ‘ಏನೂ ನೋಡಲಿಲ್ಲ ಸಾರ್, ಲಾಲ್‌ಬಾಗಿನಲ್ಲಿ ಕೂತಿದ್ದೆ’ ಎಂದರು. ಮೂರು ತಾಸು ಕಲ್ಲುಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದರಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ, ಇನ್ನು ಅರ್ಧ ಗಂಟೆಗೆ ಒಲೆ ಹಚ್ಚಬೇಕೆಂಬ ಯೋಚನೆ ತಲೆಯಲ್ಲಿಲ್ಲದೆ ಕುಳಿತದ್ದು ಅದೇ ಮೊದಲೆಂದು ಹೇಳಿ ನಕ್ಕರು. ನಮ್ಮ ಪೈಕಿ ಒಬ್ಬರು, ಅಷ್ಟು ದೂರ ಬಂದು ಹೊತ್ತು ಹಾಳು ಮಾಡಿಕೊಂಡಿರಲ್ಲ ಎಂದು ಪೇಚಾಡಿದರು. ನಮಗೆ ಹಾಗೆ ತೋರಲಿಲ್ಲ. ಅಂದು ಮಹಾನಗರದಲ್ಲಿ ನಿಜವಾದ ಬಿಡುವನ್ನು ಪಡೆದವರು ನಮ್ಮಲ್ಲಿ ಅವರೊಬ್ಬರೇ. ನಾವು ಉಳಿದವರು ಒಂದು ಕೆಲಸದಿಂದ ಎದ್ದು ಇನ್ನೊಂದು ಕೆಲಸಕ್ಕೆ ಓಡಿದ್ದೆವು, ಅಷ್ಟೇ.

ಗಡಿನಾಡಿನವರಾದ ನಮಗೆ ಮಹಾನಗರದ ಬೀದಿಯಲ್ಲಿ ಇನ್ನೂ ಒಂದು ಸುಖವುಂಟು. ಒಳನಾಡಿನ ಕನ್ನಡಿಗರಿಗೆ ಇದು ಅರ್ಥವಾಗುವುದು ಕಷ್ಟ. ಗೋಷ್ಠಿಯಲ್ಲಿ ನಾವು ಒಂದು ಸಮಸ್ಯೆ. ‘ಗಡಿನಾಡ ಕನ್ನಡಿಗರ ಸಮಸ್ಯೆಗಳು’ ಎಂಬ ತಲೆಬರಹದ ಕೆಳಗೆ ನಮ್ಮನ್ನು ಕೂರಿಸಿ, ಕನ್ನಡ ಶಾಲೆಗಳಲ್ಲಿ ಉಪಾಧ್ಯಾಯರಿಲ್ಲದ್ದು, ಪಠ್ಯಪುಸ್ತಕ ತಡವಾದದ್ದು, ಓದಿದವರಿಗೆ ನೌಕರಿ ಸಿಗದ್ದು ಎಲ್ಲವನ್ನೂ ಹೇಳಿಸಿ, ನಿರ್ಣಯ ಮಾಡಿ ಕಳುಹಿಸುತ್ತಾರೆ. ಅದು ಬೇಕು, ಬೇಡವೆನ್ನಲಾರೆವು. ಆದರೆ ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ನಡೆಯುವಾಗ, ಬಸ್ಸಿನ ಫಲಕ, ಪೊಲೀಸ್ ಠಾಣೆಯ ಹೆಸರು, ಔಷಧದಂಗಡಿಯ ಬೋರ್ಡು ಎಲ್ಲವೂ ನಮ್ಮ ಲಿಪಿಯಲ್ಲಿರುವಾಗ ನಾವು ಸಮಸ್ಯೆಯಲ್ಲ, ಬರಿಯ ಗಿರಾಕಿಗಳು. ಯಾರೂ ನಮ್ಮನ್ನು ಅಭಿಮಾನಿಗಳೆಂದು ಕೊಂಡಾಡುವುದಿಲ್ಲ. ಚಿಲ್ಲರೆ ಇಲ್ಲವೇ ಎಂದು ಗದರುತ್ತಾರೆ. ಕನ್ನಡದಲ್ಲಿ ಗದರಿಸಿಕೊಳ್ಳುವ ಆ ಸುಖಕ್ಕಾಗಿ ಒಂದು ಗಂಟೆ ನಡೆದಾಡುವುದು ನಮಗೆ ತಪ್ಪೆಂದು ಎಂದೂ ಅನ್ನಿಸಿಲ್ಲ.

ಹಾಗಾದರೆ ತಪ್ಪು ಎಲ್ಲಿಂದ ಆರಂಭವಾಗುತ್ತದೆ? ಖಾಲಿ ಕುರ್ಚಿಯಿಂದ. ಎಷ್ಟೋ ಸಭೆಗಳಲ್ಲಿ ಗಡಿನಾಡ ಗೋಷ್ಠಿಯು ಊಟದ ವೇಳೆಗೆ ಬೀಳುತ್ತದೆ. ನಮ್ಮವರೊಬ್ಬರು ಬಸ್ಸು, ರೈಲು ಬದಲಿಸಿ, ಎರಡು ತಿಂಗಳು ತಿದ್ದಿದ ಪ್ರಬಂಧವನ್ನು ಹಿಡಿದು ವೇದಿಕೆಯ ಮೇಲೆ ನಿಂತರೆ ಎದುರಿಗೆ ಇರುವುದು ಇಪ್ಪತ್ತು ಮಂದಿ. ಅವರಲ್ಲಿ ಐವರು ಬಿಸಿಲಿಗೆ ಹೆದರಿ ಒಳಗೆ ಬಂದವರು. ಇಂಥ ಹೊತ್ತಿನಲ್ಲಿ ನಗರ ನೋಡಲು ಹೋದವನ ಸಂತೋಷ ಈ ಒಬ್ಬನ ಮುಖದ ಮೇಲಿನ ಬೆಳಕನ್ನು ಕಿತ್ತುಕೊಂಡು ಪಡೆದದ್ದಲ್ಲವೇ? ನಮ್ಮ ಗೋಷ್ಠಿಗೆ ಅವರು ಇರಬೇಕೆಂದು ಬಯಸುವ ನಾವು, ಹಳಗನ್ನಡ ವ್ಯಾಕರಣದ ಗೋಷ್ಠಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ನಿದ್ದೆ ಬಂದರೂ ಕುಳಿತುಕೊಳ್ಳಬೇಕೇ ಎಂದು ಕೇಳಬಹುದು. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಬಹುದು.

ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವೆಲ್ಲ ಪಾಠ ಹೇಳಿದ್ದೇವೆ. ನೆಲದ ಮೇಲೆ ಬಿದ್ದ ಅಕ್ಕಿ, ಯಾರೂ ಬೇಡವೆಂದಿರಲಿಲ್ಲ. ಆದರೂ ಅದು ತಮ್ಮ ಪಾಲಿನದಲ್ಲ ಎಂಬುದನ್ನು ಆ ತಾಯಿ ಕೈಯಲ್ಲಿ ತೂಗಿಯೇ ತಿಳಿದರು. ಹೊತ್ತನ್ನು ಹಾಗೆ ತೂಗಲು ಬರುತ್ತದೆಯೇ? ಈ ಸಂಜೆ ನಮ್ಮದು, ಈ ಮಧ್ಯಾಹ್ನ ನಮ್ಮದಲ್ಲ ಎಂದು ಕೈ ಹೇಳುತ್ತದೆಯೇ? ಅಭ್ಯಾಸವಾದವರಿಗೆ ಹೇಳುತ್ತದೆಂದು ನಂಬಿದ್ದೇವೆ.

ಇಲ್ಲಿಯವರೆಗೆ ಮಾತು ಸಲೀಸಾಗಿ ಬಂತು. ಮುಂದಿನದು ಅಷ್ಟು ಸಲೀಸಲ್ಲ.

2011ರ ಫೆಬ್ರವರಿ 4ರಿಂದ 6ರವರೆಗೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ 77ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ ಅದರ ಅಧ್ಯಕ್ಷರು. ಗಾದೆಯ ಕೋಶವೇ ಅಧ್ಯಕ್ಷಪೀಠದಲ್ಲಿ ಕುಳಿತಂತಿತ್ತು. ಸೇವಾವಧಿಯ ಕೊನೆಯ ದಿನಗಳಲ್ಲಿದ್ದ ನಾವು ಸಾಂದರ್ಭಿಕ ರಜೆ ಹಾಕಿ ಹೋಗಿದ್ದೆವು. ಶನಿವಾರ ಬೆಳಗಿನ ಗೋಷ್ಠಿ ಮುಗಿದು, ಊಟದ ಸರತಿ ದೊಡ್ಡದಾಗಿದ್ದುದರಿಂದ, ನಾಲ್ವರು ಮಿತ್ರರು ಲಾಲ್‌ಬಾಗಿನ ಪಶ್ಚಿಮ ದ್ವಾರದ ಕಡೆಗೆ ನಡೆದೆವು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಅದು. ತಂದೆ ಅಲ್ಲಿ ತೋಟ ಹಾಕಿಸಿದ, ಮಗ ಟಿಪ್ಪು 1786ರಲ್ಲಿ ಬಂದು ನಮ್ಮ ಆದವಾನಿಯ ಕೋಟೆಯನ್ನು ಹಿಡಿದ ಎಂದು ಮಾತಾಡಿಕೊಳ್ಳುತ್ತ ಹೋಗುತ್ತಿರುವಾಗ, ಕಟ್ಟುತ್ತಿದ್ದ ಒಂದು ದೊಡ್ಡ ಮನೆಯ ಮುಂದೆ ಮರಳು ಜರಡಿ ಹಿಡಿಯುತ್ತಿದ್ದ ಆಳೊಬ್ಬ ನಮ್ಮನ್ನು ನೋಡಿ ಎದ್ದು ನಿಂತ.

‘ಸಾರ್, ನೀವು ಇಲ್ಲಿ! ಯಾವಾಗ ಬಂದ್ರೀ?’

ನಮ್ಮ ಶಾಲೆಯ ಒಬ್ಬ ಹುಡುಗನ ತಂದೆ. ಸಮ್ಮೇಳನಕ್ಕೆ ಬಂದೆವೆಂದು ಹೇಳಿದೆವು.

‘ಇವತ್ತು ಸಾಲಿ ಐತಲ್ರೀ?’

ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ, ಅಷ್ಟೇ. ಇನ್ನೊಬ್ಬ ಮೇಷ್ಟ್ರಿಗೆ ಒಪ್ಪಿಸಿ ಬಂದಿದ್ದೇವೆಂದು ಹೇಳಿದಾಗ ಸಮಾಧಾನದಿಂದ ತಲೆಯಾಡಿಸಿದ. ಹುಡುಗ ದಿನಾ ಬರುತ್ತಾನೆಯೇ ಎಂದು ಕೇಳಿದ. ಬರುತ್ತಾನೆ, ಲೆಕ್ಕದಲ್ಲಿ ಚುರುಕಾಗಿದ್ದಾನೆ ಎಂದೆವು. ಎಲ್ಲಿಗೆ ಹೊರಟಿರಿ ಎಂದಾಗ ತೋಟವನ್ನು ತೋರಿಸಿದೆವು. ‘ಈ ಗ್ವಾಡಿ ಆಚೆ ಏನೋ ದೊಡ್ಡ ತ್ವಾಟ ಐತಂತ ಸಾರ್. ನಾಕು ತಿಂಗಳಾತು ಬಂದು, ನೋಡಿಲ್ಲ’ ಎಂದ. ಭಾನುವಾರ ಕೆಲಸವಿಲ್ಲವಲ್ಲ ಎಂದೆವು. ‘ಐತವಾರ ಅರಿವಿ ಒಗೆಯೋದು, ಸಂತಿ ಮಾಡೋದು. ಅಷ್ಟರಾಗ ಹೊತ್ತು ಮುಳುಗತೈತಿ’ ಎಂದು ಹೇಳಿ ಮತ್ತೆ ಜರಡಿ ಹಿಡಿದ.

ಪಶ್ಚಿಮ ಕರ್ನೂಲಿನ ಹಳ್ಳಿಗಳಿಂದ, ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಕಡೆಗಳಿಂದ, ಮಳೆ ಕೈಕೊಟ್ಟ ವರ್ಷ ಜನ ಗುಳೇ ಹೋಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ. ನಾವು ಸಮ್ಮೇಳನಕ್ಕೆ ಹೋಗುವ ರೈಲಿನಲ್ಲಿಯೇ ಅವರೂ ಹೋಗುತ್ತಾರೆ. ಅದೇ ಮಹಾನಗರ. ಅದರ ಗೋಡೆಗಳನ್ನು ಅವರು ಎಬ್ಬಿಸುತ್ತಾರೆ, ಬಿಡುವನ್ನು ನಾವು ಅನುಭವಿಸುತ್ತೇವೆ.

ಅಂದು ಲಾಲ್‌ಬಾಗಿನ ಬಂಡೆಯ ಮೇಲೆ, ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ಮೇಲೆ, ಕುಳಿತು ನಾವು ನಾಲ್ವರೂ ಬಹಳ ಹೊತ್ತು ಮಾತಾಡಿದೆವು. ಒಬ್ಬರು, ಅವನಿಗಿಲ್ಲದ ಬಿಡುವು ನಮಗೂ ಬೇಡ, ಎದ್ದು ಹೋಗೋಣ ಎಂದರು. ಎದ್ದು ಹೋದರೆ ಅವನಿಗೇನು ಸಿಕ್ಕೀತು? ಒಬ್ಬನ ಹಸಿವಿಗಾಗಿ ಮತ್ತೊಬ್ಬ ಎಲೆಯ ಮುಂದಿನಿಂದ ಏಳುವುದು ವ್ರತವಾದೀತೇ ಹೊರತು ಅನ್ನವಾಗದು. ಇನ್ನೊಬ್ಬರು, ಅವರವರ ಹಣೆಬರಹ ಎಂದರು. ಆ ಮಾತು ನಮಗೆ ಇನ್ನೂ ಕೆಟ್ಟದ್ದೆನಿಸಿತು. ವಾರಕ್ಕೊಂದು ದಿನ ಸಿಕ್ಕರೂ ಅದು ಬಟ್ಟೆ ಒಗೆಯುವುದಕ್ಕೇ ಸಾಲದಂತೆ ಏರ್ಪಾಡು ಮಾಡಿದ್ದು ವಿಧಿಯಲ್ಲ, ಮನುಷ್ಯರು. ಬಿಡುವಿನ ರುಚಿ ಬಲ್ಲವನಿಗೆ ಮಾತ್ರ, ಅದಿಲ್ಲದವನ ಕೊರತೆ ಕಾಣುವುದು ಸಾಧ್ಯ. ಸಂತೋಷವನ್ನೇ ಬಿಟ್ಟುಕೊಟ್ಟವರು ಪರರ ದುಡಿಮೆಯನ್ನು ಹೊಗಳುವುದರಲ್ಲಿಯೇ ನಿಂತುಬಿಡುತ್ತಾರೆ.

ಆದರೆ ಆ ಮನುಷ್ಯನಿಗೆ ನಾವು ಒಂದು ನಿರ್ದಿಷ್ಟವಾದ ಸಾಲವನ್ನು ಹೊತ್ತಿದ್ದೆವು. ಇದನ್ನು ತತ್ತ್ವಚರ್ಚೆಯಲ್ಲಿ ತೇಲಿಸಲಾಗದು. ಅವನ ಮಗನ ಎರಡು ದಿನ. ನಮ್ಮ ಕನ್ನಡ ಶಾಲೆಗಳಲ್ಲಿ ಒಬ್ಬರು ಉಪಾಧ್ಯಾಯರು ಇಲ್ಲದಿದ್ದರೆ ಆ ತರಗತಿಯನ್ನು ನೋಡಿಕೊಳ್ಳಲು ಮತ್ತೊಬ್ಬ ಕನ್ನಡ ಬಲ್ಲವರು ಸಿಗುವುದು ದುರ್ಲಭ. ಒಪ್ಪಿಸಿ ಬಂದೆವೆಂದರೆ ಗದ್ದಲವಾಗದಂತೆ ಕಾದರು ಎಂದೇ ಅರ್ಥ. ಸಮ್ಮೇಳನದಲ್ಲಿ ಕುಳಿತ ಗಳಿಗೆಗಳಾಗಲಿ, ತೋಟದಲ್ಲಿ ಕುಳಿತ ಗಳಿಗೆಗಳಾಗಲಿ, ಎಲ್ಲವೂ ಆ ಮಕ್ಕಳಿಂದ ಕಡ ತಂದವು. ಹಾಜರಾತಿಯ ಪ್ರಮಾಣಪತ್ರ ಮೇಲಧಿಕಾರಿಗೆ ಉತ್ತರವಾದೀತು, ಅವರಿಗೆ ಆಗದು.

ಈ ಸಾಲವನ್ನು ತೀರಿಸುವ ಬಗೆಯೂ ಸುಲಭವಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಬಹಳ ಪ್ರಾಮಾಣಿಕರು. ಇಂಥ ಪ್ರವಾಸಗಳಿಂದ ಮರಳಿದ ಮೇಲೆ ಎರಡು ಭಾನುವಾರ ತರಗತಿ ನಡೆಸುವ ಪದ್ಧತಿ ಇಟ್ಟುಕೊಂಡಿದ್ದರು. ಮಕ್ಕಳು ಬರುತ್ತಿದ್ದರು, ಆದರೆ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಒಬ್ಬ ಹುಡುಗಿ ಎದ್ದು, ‘ಊರಿಗೆ ಹೋದೋರು ನೀವು, ಐತವಾರ ಹೋಗೋದು ನಮ್ದು’ ಎಂದಳಂತೆ. ಅವರು ಅದನ್ನು ನಮಗೆ ಹೇಳಿ ನಕ್ಕರು, ಆಮೇಲೆ ಭಾನುವಾರದ ತರಗತಿ ನಿಲ್ಲಿಸಿ, ದಿನವೂ ಶಾಲೆ ಬಿಟ್ಟ ಮೇಲೆ ಬೇಕಾದವರಿಗೆ ಅರ್ಧ ಗಂಟೆ ಕುಳಿತುಕೊಳ್ಳತೊಡಗಿದರು. ತಮ್ಮ ಸಂಜೆಯನ್ನು ಕೊಟ್ಟರು, ಮಕ್ಕಳ ಆಟವನ್ನು ಅವರಿಗೇ ಬಿಟ್ಟರು. ಲಕ್ಕಮ್ಮನವರಿದ್ದರೆ ಒಪ್ಪುತ್ತಿದ್ದರೇನೋ.

ಸೋಮವಾರ ಶಾಲೆಯಲ್ಲಿ ಆ ಹುಡುಗನನ್ನು ಕರೆದು, ನಿಮ್ಮಪ್ಪನನ್ನು ಕಂಡೆವೆಂದು ಹೇಳಿದೆವು. ಗಾಜಿನ ಮನೆಯ ಮಾತು, 1889ರಲ್ಲಿ ಅದನ್ನು ಕಟ್ಟಿದ ಮಾತು ಅವನಿಗೆ ಬೇಕಾಗಿರಲಿಲ್ಲ. ಅಪ್ಪ ಕಟ್ಟುತ್ತಿರುವ ಮನೆಗೆ ಎಷ್ಟು ಅಂತಸ್ತು ಎಂದು ಕೇಳಿದ. ನಾಲ್ಕು ಎಂದೆವು. ಇಡೀ ದಿನ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಈಗ ನಮ್ಮ ಆದವಾನಿಯೇ ಸಮ್ಮೇಳನದ ಊರಾಗಿದೆ. ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳಿಂದ, ಇನ್ನೂ ದೂರದಿಂದ ಬಂದವರು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರಬಹುದು. ಇದು ಮಹಾನಗರವಲ್ಲ, ಆದರೂ ಗೋಷ್ಠಿಯ ಹೊರಗಿನ ಹೊತ್ತಿಗೆ ಬೇಕಾದದ್ದು ಇಲ್ಲಿ ಉಂಟು. ರಣಮಂಡಲದ ಬೆಟ್ಟದ ಮೇಲೆ ಆಂಜನೇಯನಿದ್ದಾನೆ. ಹತ್ತುವವರು ಬೆಳಗಿನ ಗೋಷ್ಠಿಗೆ ಮೊದಲೇ ಹತ್ತಿ ಇಳಿಯುವುದು ಒಳ್ಳೆಯದು, ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿಯನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕು. ಹತ್ತಿಯ ಮಾರುಕಟ್ಟೆಯ ಕಡೆಗೆ ಹೋದರೆ ತೆಲುಗು, ಕನ್ನಡ, ಉರ್ದು ಮೂರೂ ಒಂದೇ ಗಾಡಿಯ ಸುತ್ತ ಕೇಳಿಬರುತ್ತವೆ. ಮೂಟೆ ಹೊರುವವರು ಮಧ್ಯಾಹ್ನ ಚಹಾಕ್ಕೆ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತಾರೆ. ‘ಎಲ್ಲಿಂದ ಬಂದ್ರೀ’ ಎಂದು ಕೇಳಿಯೇ ಕೇಳುತ್ತಾರೆ. ಅವರೊಡನೆ ಒಂದು ಲೋಟ ಚಹಾ ಕುಡಿದು ಬನ್ನಿ. ಗಡಿನಾಡ ಗೋಷ್ಠಿಗೆ ಮಾತ್ರ ತಡಮಾಡಬೇಡಿ.